ಉಣ್ಣೆ ಅಂಗಿಯ ಮೇಲಿನ ಕಲೆ

ಕಳಸದ ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿ ಏಕಾಂತಪ್ಪನವರ ಮನೆ ಅಂದರೆ ಗೌರವಸ್ಥರ ಮನೆ. ಮುಂದೆ ಅಂಗಡಿ, ಹಿಂದೆ ಮನೆ, ಅದರ ಹಿಂದೆ ಕಾಫಿ ಒಣಗಿಸುವ ಕಣ. ನಡುಮನೆಯ ಗೋಡೆಗೆ ಬಸವಣ್ಣನ ಪಟ, ಪಟದ ಕೆಳಗೆ ಏಕಾಂತಪ್ಪನವರ ತಾಯಿ ಶಿವಗಂಗಮ್ಮನ ಬೆತ್ತದ ಕುರ್ಚಿ. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ, ಮೈಲಿಗೆಯಿಲ್ಲ ಅಂತ ಆ ಕುರ್ಚಿಯಿಂದ ಬಂದುಹೋದವರಿಗೆಲ್ಲ ಉಪದೇಶ ಆಗುತ್ತಲೇ ಇರುತ್ತದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಆ ಬದನೆಕಾಯಿಯ ರುಚಿ ಎಂಥದು ಅಂತ ಸರಿಯಾಗಿ ಗೊತ್ತಿದ್ದವಳು ಸೊಸೆ ಮುದ್ದಮ್ಮ ಒಬ್ಬಳೇ.

ಮುದ್ದಮ್ಮನದೇ ಮನೆಯಲ್ಲಿ ಕಾರುಬಾರು ಅಂತ ಊರವರು ತಿಳಿದಿದ್ದರು. ಹಾಗೆ ತಿಳಿಯುವುದಕ್ಕೆ ಕಾರಣವೂ ಇತ್ತು. ಅಂಗಡಿಗೆ ಬಂದ ಹೊಸ ಸೀರೆ ಬಣ್ಣ ಬಿಡುತ್ತದೋ ಇಲ್ಲವೋ ಅಂತ ಮೂಲೆ ಒದ್ದೆ ಮಾಡಿ ಹೇಳುವವಳು ಅವಳು. ತುಕ್ಕು ಹಿಡಿದ ಶೆಟರು ತಾಗಿದ ಪಂಚೆ, ಎಲೆಅಡಿಕೆ ಉಗುಳು ಸಿಡಿದ ಶರಟು, ಬಾಳೆಕಾಯಿ ಸೊನೆ ಬಿದ್ದ ಲಂಗ, ಯಾವುದಕ್ಕೆ ಯಾವ ಮದ್ದು ಅಂತ ಅವಳಿಗೆ ಬಾಯಿಪಾಠ. ಕಣದ ಆಳುಗಳ ಊಟದಿಂದ ಹಿಡಿದು ಅಯ್ಯನವರ ಪಾದಪೂಜೆಯವರೆಗೆ ಎಲ್ಲವೂ ಅವಳ ಕೈಯಿಂದಲೇ ಆಗಬೇಕು. ಒಂದೇ ಒಂದು ಕೆಲಸ ಬಿಟ್ಟು. ಆ ಮನೆಯ ಮಗುವನ್ನು ತೊಟ್ಟಿಲಿಗೆ ಹಾಕುವುದು ಮಾತ್ರ ಅವಳಿಗೆ ನಿಷಿದ್ಧ.

ಅದಕ್ಕೆ ಕಾರಣ ಒಂದು ಕಲೆ.

ಶಿವಗಂಗಮ್ಮನ ಅಪ್ಪ ಮೂಡಿಗೆರೆ ಕಡೆಯ ಎಸ್ಟೇಟೊಂದಕ್ಕೆ ಅಕ್ಕಿ ಹಾಕುತ್ತಿದ್ದವರು. ಆ ಎಸ್ಟೇಟಿನ ದೊರೆಸಾನಿ ಅಕ್ಕಿಯ ಸಾಹುಕಾರರ ಮಗಳನ್ನು ಬಂಗಲೆ ಜಗಲಿಯಲ್ಲಿ ಕೂರಿಸಿಕೊಂಡು ಉಣ್ಣೆ ಹೆಣಿಗೆ ಕಲಿಸಿದ್ದಳಂತೆ. ಆ ವಿದ್ಯೆಯಲ್ಲಿ ಶಿವಗಂಗಮ್ಮ ಚೊಚ್ಚಲು ಬಸುರಿನಲ್ಲಿ ಒಂದು ಅಂಗಿ ಹೆಣೆದಳು. ಹಾಲಿನ ಕೆನೆಯ ಬಣ್ಣ, ಅಕ್ಕಿಕಾಳು ಒತ್ತೊತ್ತಾಗಿ ಜೋಡಿಸಿಟ್ಟ ಹಾಗೆ ಹೆಣಿಗೆ, ಕೊರಳಿಗೆ ರೇಷ್ಮೆ ಲಾಡಿ. ಕೆಟ್ಟದ್ದನ್ನು ಕೆಟ್ಟದ್ದು ಅನ್ನಬೇಕು, ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು: ಅಂಗಿ ಬಹಳ ಚೆನ್ನಾಗಿತ್ತು. ಏಕಾಂತಪ್ಪ ಅದನ್ನು ಹಾಕಿಕೊಂಡೇ ತೊಟ್ಟಿಲು ಏರಿದರು, ಅವರ ತಮ್ಮತಂಗಿಯರೂ ಏರಿದರು, ಕೊನೆಗೆ ಮುದ್ದಮ್ಮನ ಹಿರಿಯ ಮಗ ಪ್ರಸನ್ನಕುಮಾರನೂ ಏರಿದ. ಅವನನ್ನು ತೊಟ್ಟಿಲಿಗೆ ಹಾಕಿದವಳು ಮುದ್ದಮ್ಮನೇ. ಮಗು ಗುಂಡುಗುಂಡಗೆ ಬೆಳ್ಳಗಿತ್ತು. ಬಂದ ಹೆಂಗಸರೆಲ್ಲ ಕೆನ್ನೆ ಹಿಂಡಿದ್ದೇ ಹಿಂಡಿದ್ದು.

ಮೂರು ವರ್ಷದ ಮೇಲೆ ಮಗಳು ಸೌಜನ್ಯ ಹುಟ್ಟಿದಳು. ಆ ತೊಟ್ಟಿಲ ದಿನ ನಡುಮನೆ ತುಂಬ ಹೆಂಗಸರು. ಶಿವಗಂಗಮ್ಮ ಪೆಟ್ಟಿಗೆಯಿಂದ ಅಂಗಿ ತಂದು ಬಿಡಿಸಿದಾಗ ಎಡಗಡೆ ಎದೆಯ ಕೆಳಗೆ ಅಡಿಕೆ ಹೋಳಿನಷ್ಟಗಲ ಕೆಂಗಂದು ಕಲೆ. "ಅಯ್ಯೋ, ಇದೆಂತದು ಅತ್ತಿಗೆ?" ಅಂದಳು ಸಂಸೆಯಿಂದ ಬಂದಿದ್ದ ಅವಳ ನಾದಿನಿ ರುಕ್ಮಿಣಮ್ಮ. ಶಿವಗಂಗಮ್ಮ ಕಲೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಮೂಗು ಹಿಂಡಿಕೊಂಡು ಹೇಳಿದಳು. "ಎಂತದು ಅಂದ್ರೆ ಎಂತ ಹೇಳ್ಲಿ. ಹೋದ ಸಲ ಹಸಿಮೈಯಲ್ಲಿ ಇದನ್ನ ಮಡಚಿಟ್ಟವಳು ಇವಳೇ ಅಲ್ವಾ. ಮೈಮೇಲೆ ಎಚ್ಚರ ಇದ್ದಿದ್ರೆ ಹೀಗಾಗ್ತಿತ್ತಾ?"

ಅಷ್ಟೇ ಮಾತು. ಹೆರಿಗೆಯ ರಕ್ತದ ಕೈಯಲ್ಲಿ ಮನೆತನದ ಅಂಗಿ ಮುಟ್ಟಿದವಳು ಅಂತ ತೀರ್ಮಾನವಾಗಿಹೋಯಿತು. ತೊಟ್ಟಿಲಿಗೆ ಮೊದಲು ಗುಂಡುಕಲ್ಲು ಮಲಗಿಸುವ ಪದ್ಧತಿ ಉಂಟಲ್ಲ, ಆ ಕಲ್ಲನ್ನು ಕೂಡ ಅವಳಿಗೆ ಮುಟ್ಟಗೊಡಲಿಲ್ಲ. ಸ್ವಂತ ಮಗಳನ್ನು ಬೇರೆಯವರು ತೂಗುವಾಗ ಮುದ್ದಮ್ಮ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ರುಕ್ಮಿಣಮ್ಮ ಊರಿಗೆ ಹೋಗುವ ಜೀಪಿನಲ್ಲೇ ಕಥೆ ಶುರು ಮಾಡಿದಳು. ಸಂಸೆಗೆ ತಲುಪಿತು, ಮೂಡಿಗೆರೆಗೆ ತಲುಪಿತು, ಗಾಡಿಯಿಲ್ಲದ ಹಳ್ಳಿಗೂ ತಲುಪಿತು. ಮುಂದೆ ಪ್ರಸನ್ನನ ಮಕ್ಕಳ ತೊಟ್ಟಿಲು ಅವನ ಹೆಂಡತಿಯ ತವರು ಜಾವಳಿಯಲ್ಲಿ ಆಯಿತು. ಅಲ್ಲೂ ಶಿವಗಂಗಮ್ಮ ಬೀಗಿತ್ತಿಯ ಕಿವಿಯಲ್ಲಿ ಏನೋ ಊದಿದಳು, ಅಲ್ಲೂ ಮುದ್ದಮ್ಮ ಕೋಸಂಬರಿ ಬಡಿಸುವುದಕ್ಕೇ ಉಳಿದಳು.

ಇದರಲ್ಲಿ ಎಲ್ಲಕ್ಕಿಂತ ಹೊಟ್ಟೆ ಉರಿಯುವ ಸಂಗತಿ ಏನು ಗೊತ್ತೇ? ಆ ಮಾತನ್ನು ಮುದ್ದಮ್ಮನೂ ನಂಬಿದ್ದಳು. ಅಂಗಿ ಮಡಚಿಟ್ಟದ್ದು ಹೌದು, ಮೈ ಹಸಿ ಇದ್ದದ್ದೂ ಹೌದು. ಇದ್ದರೂ ಇರಬಹುದು, ನನ್ನ ಕೈಯಲ್ಲೇ ಏನೋ ಇತ್ತೇನೋ ಅಂತ ಎಷ್ಟೋ ವರ್ಷ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಿದ್ದಳು. ಬೇರೆಯವರ ಮನೆಯ ಕೂಸನ್ನು ಎತ್ತಿಕೊಳ್ಳುವ ಮೊದಲು ಸೆರಗಿಗೆ ಕೈ ಒರೆಸಿಕೊಳ್ಳುವುದು ಅವಳಿಗೆ ಅಭ್ಯಾಸವೇ ಆಗಿಹೋಗಿತ್ತು.

ಈಗ ಸೌಜನ್ಯಳಿಗೆ ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಹೆಣ್ಣುಮಗು ಹುಟ್ಟಿತ್ತು. ಹೆಸರು ಗಗನಾ ಅಂತ ಮೊದಲೇ ಗೊತ್ತುಮಾಡಿದ್ದರು. ಬಾಣಂತನ ತವರಿನಲ್ಲಿ, ತೊಟ್ಟಿಲೂ ತವರಿನಲ್ಲೇ. ಕಾಫಿ ಕುಯ್ಲು ಮುಗಿಯುತ್ತ ಬಂದ ಕಾಲ, ಕಣದ ತುಂಬ ಹರಡಿದ ಕಾಫಿಗೆ ಒಳ್ಳೆಯ ಬಿಸಿಲು. ನಾಳೆ ತೊಟ್ಟಿಲು ಅನ್ನುವ ದಿನ ಬೆಳಗ್ಗೆ ಸೌಜನ್ಯ ಅಜ್ಜಿಯನ್ನು ಪೂಸಿಮಾಡಿ ಪೆಟ್ಟಿಗೆಯ ಬೀಗದ ಕೈ ಇಸಿದುಕೊಂಡು ಆ ಅಂಗಿಯನ್ನು ಎತ್ತಿಕೊಂಡು ಬಂದಳು.

"ಅಮ್ಮಾ, ನಾನಂತೂ ಇದನ್ನ ಹಾಕ್ಲಿಲ್ಲ, ನನ್ನ ಮಗಳಾದ್ರೂ ಹಾಕ್ಲಿ. ಈ ಕಲೆ ತೆಗ್ದು ಕೊಡು."

ಮುದ್ದಮ್ಮನ ಎರಡೂ ಕೈ ತಾವಾಗಿ ಬೆನ್ನ ಹಿಂದೆ ಹೋದವು. "ನಿಮ್ಮಜ್ಜಿ ನೋಡಿದ್ರೆ ಮನೆ ತಲೆಮೇಲೆ ಹೊತ್ಕೊಳ್ತಾರೆ. ಅದನ್ನ ನಾನು ಮುಟ್ಟೋ ಹಾಗಿಲ್ಲ ಅಂತ ನಿಂಗೆ ಗೊತ್ತಿಲ್ವಾ?"

"ಗೊತ್ತು. ಅದೇ ಕಾರಣಕ್ಕೆ ನಿನ್ ಹತ್ರ ತಂದದ್ದು. ನಾಳೆ ಮಗೂನ ತಾನೇ ಹಾಕೋದು ಅಂತ ಅಜ್ಜಿ ಕೂತಿದ್ದಾರೆ. ಅವರ ಕೈ ಎಷ್ಟು ನಡುಗುತ್ತೆ ನೋಡಿದೀಯಾ? ಲೋಟದ ಕಾಫಿ ಬಾಯಿಗೆ ಹೋಗೋದ್ರೊಳಗೆ ಅರ್ಧ ಚೆಲ್ಲುತ್ತೆ. ನನ್ನ ಮಗಳನ್ನ ನೀನು ಹಾಕ್ಬೇಕಮ್ಮ."

ಬೇಕು ಅಂತ ಮುದ್ದಮ್ಮನಿಗೂ ಇತ್ತು. ಮಗಳನ್ನು ತೂಗುವ ಭಾಗ್ಯ ಹೋಯಿತು, ಮೊಮ್ಮಗಳನ್ನಾದರೂ ಈ ಕೈಯಲ್ಲಿ ಮಲಗಿಸಬೇಕು, ಆಮೇಲೆ ಏನು ಬೇಕಾದರೂ ಆಗಲಿ. ಅವಳು ಕೈ ಮುಂದೆ ತಂದು ಅಂಗಿ ಇಸಿದುಕೊಂಡಳು. ಸೆರಗಿಗೆ ಕೈ ಒರೆಸಿಕೊಳ್ಳಲಿಲ್ಲ.

ಹಿತ್ತಲ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಬೋಗುಣಿ ಇಟ್ಟು, ಅಂಟುವಾಳಕಾಯಿ ನೆನೆಸಿದ ನೀರನ್ನು ಸೋಸಿ ಹಾಕಿದಳು. ಹಳೆಯ ಉಣ್ಣೆ ಹಳೆಯ ಮನುಷ್ಯರ ಹಾಗೆ, ಬಿಸಿ ತಾಗಿದರೆ ಮುದುಡಿಕೊಳ್ಳುತ್ತದೆ, ತಿಕ್ಕಿದರೆ ಗಂಟುಹಾಕಿಕೊಳ್ಳುತ್ತದೆ. ಹಾಗಾಗಿ ತಣ್ಣೀರು, ಹಗುರ ಕೈ. ಹಳೆಯ ರಕ್ತವಾದರೆ ತಣ್ಣೀರಿನಲ್ಲಿ ಬಹಳ ಹೊತ್ತು ನೆನೆದಾಗ ಅಂಚಿನಲ್ಲಾದರೂ ಸ್ವಲ್ಪ ಬಿಡಬೇಕು, ನೀರು ಚೂರಾದರೂ ಬಣ್ಣ ತಿರುಗಬೇಕು. ಇದು ಬಿಡಲಿಲ್ಲ. ಅಂಗಿಯ ಬೇರೆ ಕಡೆಯ ಹಳದಿ ಎಲ್ಲ ಇಳಿದು ನೀರು ಮಂಕಾಯಿತು. ಕಲೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಮುದ್ದಮ್ಮ ಅಂಗಿಯನ್ನು ಹಿಂಡದೆ ಟವಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಿಡಿದಳು.

ಕಲೆ ಒಳಗಡೆ ಹೆಚ್ಚು ಕಪ್ಪಗಿತ್ತು. ಹೊರಗಿಂದ ತಾಗಿದ್ದಾದರೆ ಹೊರಗಡೆ ಹೆಚ್ಚಿರಬೇಕಿತ್ತು. ಕಲೆಯ ನಟ್ಟನಡುವೆ ಉಣ್ಣೆ ಸುಟ್ಟ ಹಾಗೆ ಒರಟಾಗಿ, ಒಂದು ಸಣ್ಣ ತೂತೇ ಬಿದ್ದಿತ್ತು. ರಕ್ತ ಉಣ್ಣೆಯನ್ನು ತಿನ್ನುವುದಿಲ್ಲ. ತಿನ್ನುವುದು ಬೇರೆ ಒಂದು. ತೂತಿನ ಪಕ್ಕದಲ್ಲಿ ಹೆಣಿಗೆಯ ಸಂದಿಗೆ ಸಿಕ್ಕಿಕೊಂಡಿದ್ದ ಏನನ್ನೋ ಅವಳು ಉಗುರಿನಲ್ಲಿ ಬಿಡಿಸಿ ತೆಗೆದಳು. ಕತ್ತರಿಸಿ ಉಳಿದ ದಾರದ ತುಂಡು. ಎರಡೆಳೆಯ ಕೆಂಪು ದಾರ, ತುದಿಗೆ ಗಂಟು.

ಆ ಗಂಟನ್ನು ಅವಳು ದಿನಾ ನೋಡುತ್ತಿದ್ದಳು. ಆ ಮನೆಯಲ್ಲಿ ದೃಷ್ಟಿಗೆ ಅಂತ ಎತ್ತಿನ ಲಾಳದ ಹಳೇ ಮೊಳೆಯನ್ನು ಕೆಂಪು ದಾರದಲ್ಲಿ ಸುತ್ತಿ ಕಟ್ಟುವುದು ಪದ್ಧತಿ. ಬಾಗಿಲ ಚೌಕಟ್ಟಿಗೆ ಒಂದು, ಗಲ್ಲಾಪೆಟ್ಟಿಗೆಯ ಹಿಂದೆ ಒಂದು, ಕಣದ ಮೂಲೆಯ ಗೂಟಕ್ಕೆ ಒಂದು. ಕಟ್ಟುವವಳು ಶಿವಗಂಗಮ್ಮ ಮಾತ್ರ. ಬೇರೆಯವರು ಕಟ್ಟಿದರೆ ಅದಕ್ಕೆ ಶಕ್ತಿಯಿಲ್ಲವಂತೆ. ಪ್ರಸನ್ನನ ತೊಟ್ಟಿಲ ದಿನ ಹೆಂಗಸರ ಕಣ್ಣು ತಾಗದಿರಲಿ ಅಂತ ಮುದುಕಿ ಅಂಗಿಯ ಒಳಗೇ ಮೊಳೆ ಹೊಲಿದಿದ್ದಾಳೆ. ತೆಗೆಯುವುದು ಮರೆತಿದ್ದಾಳೆ. ಕಳಸದ ಮಳೆಗಾಲದ ಥಂಡಿಯಲ್ಲಿ, ಅದೂ ಮೂರು ಮಳೆಗಾಲ, ಕಬ್ಬಿಣ ಸುಮ್ಮನಿರುತ್ತದೆಯೇ?

ಮುದ್ದಮ್ಮ ಒಂದು ನಿಂಬೆಹಣ್ಣು ಕೊಯ್ದಳು. ಕಲೆಯ ಅಂಚಿಗೆ ಎರಡು ಹನಿ ಹಿಂಡಿ, ಮೇಲೆ ಚಿಟಿಕೆ ಉಪ್ಪು ಹಾಕಿ, ಅಂಗಡಿ ಪಂಚೆಗಳಿಗೆ ಮಾಡುವ ಹಾಗೆ ಬಿಸಿಲಿನಲ್ಲಿಟ್ಟು ಕಾದಳು. ಅಂಚು ಮೊದಲು ಹಳದಿಯಾಯಿತು, ಆಮೇಲೆ ಅಷ್ಟು ಜಾಗ ಬೆಳ್ಳಗಾಯಿತು.

ತುಕ್ಕು.

ಅವಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ಸಿಟ್ಟು ಬಂತು. ಕಾಲಿನಿಂದ ಹತ್ತಿದ ಸಿಟ್ಟು ನೆತ್ತಿಗೆ ಬಂದು ನಿಂತು ಕಿವಿ ಗುಂಯ್ ಅಂದಿತು. ಇಷ್ಟು ವರ್ಷ ತನ್ನ ಮೈಯನ್ನು ತಾನೇ ಹೇಸಿಕೊಂಡಿದ್ದು ಒಂದು ಲಾಳದ ಮೊಳೆಗೆ! ಅಂಗಿಯನ್ನು ತಣ್ಣೀರಿನಲ್ಲಿ ಜಾಲಿಸಿ, ಒದ್ದೆ ಅಂಗಿಯನ್ನು ತಟ್ಟೆಯಲ್ಲಿಟ್ಟುಕೊಂಡು ನೆಟ್ಟಗೆ ನಡುಮನೆಗೆ ನಡೆದಳು.

ಶಿವಗಂಗಮ್ಮ ಕುರ್ಚಿಯಲ್ಲಿ ಕೂತು ಎಲೆ ಕುಟ್ಟುತ್ತಿದ್ದಳು. ಎಂಬತ್ತೈದು ದಾಟಿತ್ತು. ಕಣ್ಣು ಮಂಜಾಗಿತ್ತು, ನಾಲಿಗೆ ಆಗಿರಲಿಲ್ಲ.

"ಅದನ್ಯಾಕೆ ಮುಟ್ಟಿದೆ?" ಅಂದಳು.

"ಇದು ರಕ್ತ ಅಲ್ಲ. ತುಕ್ಕು. ನೀವು ಹೊಲಿದ ಮೊಳೇದು. ದಾರ ಇಲ್ಲೇ ಇದೆ." ಮುದ್ದಮ್ಮ ಕೆಂಪು ದಾರವನ್ನು ಅತ್ತೆಯ ಅಂಗೈಯಲ್ಲಿಟ್ಟಳು.

ಮುದುಕಿ ದಾರವನ್ನು ಬೆರಳಿನಲ್ಲಿ ಹೊಸೆದು ಹೊಸೆದು ನೋಡಿದಳು. ಮಂಜುಗಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗಿರಬೇಕು. ನಾಚಿಕೆಯೇನೂ ಮುಖದಲ್ಲಿ ಕಾಣಲಿಲ್ಲ. "ಇರಬಹುದು ಮಾರಾಯ್ತಿ. ಹತ್ತು ಜನ ಕೇಳ್ತಿದ್ರು. ಮನೆ ಯಜಮಾನಿ ನಾನು, ನಾನೇ ಅಂಗಿ ಹಾಳುಮಾಡ್ದೆ ಅಂತ ಹೇಳೋಕಾಗ್ತಿತ್ತಾ? ನೀನು ಸಣ್ಣೋಳು, ತಡ್ಕೊಳ್ತೀಯ ಅಂದ್ಕೊಂಡೆ."

"ತಡ್ಕೊಳ್ತೀನಿ ಅಂತ!"

"ನನ್ನೊಬ್ಬಳನ್ನೇ ಎಂತಕ್ಕೆ ದುರುಗುಟ್ಟಿ ನೋಡ್ತೀ? ಸೌಜನ್ಯಳ ತೊಟ್ಟಿಲ ಹಿಂದಿನ ದಿನ ನಂಗೂ ಹೇಳ್ದೆ ಮೊಳೆ ಕತ್ತರಿಸಿ ತೆಗೆದು ಚರಂಡಿಗೆ ಎಸೆದವನು ನಿನ್ನ ಗಂಡ. ಅವನ್ನ ಕೇಳು."

ಮುದ್ದಮ್ಮ ತಟ್ಟೆ ಹಿಡಿದುಕೊಂಡೇ ಅಂಗಡಿಯ ಕಡೆ ತಿರುಗಿದಳು. ಅತ್ತೆ ಅಂದರೆ ಅತ್ತೆ, ಅವಳಿಂದ ಹೆಚ್ಚೇನೂ ನಿರೀಕ್ಷೆ ಇರಲಿಲ್ಲ. ಆದರೆ ಗಂಡ? ತಾನು ಬಾಣಂತಿ ಕೋಣೆಯಲ್ಲಿ ಗೋಡೆಗೆ ತಿರುಗಿ ಅತ್ತಾಗ ತಲೆ ನೇವರಿಸಿದವನು. "ಹೋಗ್ಲಿ ಬಿಡು, ಗೊತ್ತಿಲ್ದೆ ಆಗಿದ್ದು ಅಲ್ವಾ" ಅಂದವನು. ಗೊತ್ತಿಲ್ಲದೆ ಆಗಿದ್ದು ಅಂತ ಹೇಳಿದವನಿಗೆ ಎಲ್ಲ ಗೊತ್ತಿತ್ತು!

ಏಕಾಂತಪ್ಪ ಅಂಗಡಿಯಲ್ಲಿ ಟವಲು ಮಡಚುತ್ತ ಕೂತಿದ್ದರು. ಹೆಂಡತಿಯ ಕೈಯಲ್ಲಿ ಅಂಗಿ ಕಂಡದ್ದೇ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಅವಳು ಬಾಯಿ ತೆರೆಯುವ ಮೊದಲೇ "ನಾನೇನು ಮಾಡ್ಲಿ, ಅಮ್ಮ ಹಾಗಂದ್ಬಿಟ್ರು" ಅಂದರು.

"ನೀವು ಎಲ್ಲಿದ್ರಿ ಆಗ?"

"ಇಲ್ಲೇ, ಅಂಗಡೀಲಿ. ಕೇಳಿಸ್ತು. ಹೆಂಗಸರ ಮಧ್ಯೆ ಎಂತ ಬಾಯಿ ಹಾಕೋದು ಅಂತ..."

"ಅವತ್ತು ಹಾಕ್ಲಿಲ್ಲ ಸರಿ. ಮಾರನೇ ದಿನ? ಮುಂದಿನ ವರ್ಷ? ಹೋಗ್ಲಿ, ನನ್ನೊಬ್ಬಳಿಗೆ, ಬಾಗಿಲು ಹಾಕ್ಕೊಂಡು, ಮೆಲ್ಲಗೆ ಹೇಳ್ಬಹುದಿತ್ತಲ್ಲ?"

"ನಿಂಗೆ ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಅಮ್ಮನ ಮರ್ಯಾದೆ ಹೋಗ್ತಿತ್ತು."

"ನನ್ನದು?"

ಏಕಾಂತಪ್ಪ ಟವಲಿನ ಅಂಚು ಸರಿಮಾಡಿದರು. "ಈಗ ಎಲ್ಲ ಹಳೇದಾಯ್ತಲ್ಲ. ಅಮ್ಮ ಇನ್ನೆಷ್ಟು ದಿನ ಇರ್ತಾರೆ. ಸುಮ್ನೆ ಕಲೆ ತೆಗ್ದುಬಿಡು, ಮಗೂಗೆ ಹಾಕಿ ಚಂದ ನೋಡೋಣ. ನಾನು ಅಮ್ಮಂಗೆ ಹೇಳ್ತೀನಿ, ನಾಳೆ ನೀನೇ ತೊಟ್ಟಿಲಿಗೆ ಹಾಕು, ಆಯ್ತಲ್ಲ?"

ಆಯ್ತಲ್ಲ ಅಂತೆ! ಬಡ್ಡಿಮಗನ ಬುದ್ಧಿ ನೋಡಿ. ಕಿತ್ತುಕೊಂಡದ್ದನ್ನೇ ಉಡುಗೊರೆ ಅಂತ ವಾಪಸು ಕೊಡುತ್ತಾನೆ. ಅಂಗಡಿಯ ಎದುರು ಸಂಸೆಯ ಬಸ್ಸು ನಿಂತು ಜನ ಇಳಿದು ಹೋದರು. ಆಮೇಲೆ ಮುದ್ದಮ್ಮ ತಟ್ಟೆಯನ್ನು ಕೌಂಟರಿನ ಮೇಲೆ, ಅವರ ಟವಲುಗಳ ಮೇಲೇ ಇಟ್ಟಳು.

"ಕಲೆ ನಾನು ತೆಗಿಯಲ್ಲ. ನೀವು ತೆಗೀರಿ."

"ನಾನಾ? ನಂಗೆ ಬರುತ್ತಾ ಅದೆಲ್ಲ?"

"ಹೇಳಿಕೊಡ್ತೀನಿ. ನಿಂಬೆಹಣ್ಣು, ಉಪ್ಪು, ಬಿಸಿಲು. ತಿಕ್ಕಬಾರದು, ಬೆರಳಲ್ಲಿ ತಟ್ಟಬೇಕು. ಸ್ವಲ್ಪ ಬಿಟ್ಟ ಕೂಡ್ಲೇ ತಣ್ಣೀರಲ್ಲಿ ಜಾಲಿಸಬೇಕು, ಮತ್ತೆ ನಿಂಬೆ ಹಿಂಡಬೇಕು. ಅವಸರ ಮಾಡಿದ್ರೆ ಉಣ್ಣೆ ಹೋಗುತ್ತೆ. ನಾಳೆ ಬೆಳಗ್ಗೆ ಮುಂಬಾಗಿಲ ಜಗಲಿ ಮೇಲೆ ಕೂತು ಮಾಡ್ಬೇಕು, ಬರೋರೆಲ್ಲ ದಾಟಿಕೊಂಡೇ ಒಳಗೆ ಬರ್ಬೇಕು. ಎಂತ ಮಾಡ್ತಿದೀರಿ ಅಂತ ಕೇಳ್ತಾರೆ. ಕೇಳಿದವರಿಗೆಲ್ಲ ಈ ಕಲೆ ಎಂತದು, ಹೇಗಾಯ್ತು ಅಂತ ಹೇಳ್ಬೇಕು."

"ನಿಂಗೆ ತಲೆ ಕೆಟ್ಟಿದ್ಯಾ? ಬೀಗರು ಬರ್ತಾರೆ, ಅಯ್ಯನವರು ಬರ್ತಾರೆ..."

"ಅವತ್ತೂ ಬಂದಿದ್ರು. ನೀವು ಹೇಳದಿದ್ರೆ ನಾನೇ ಪೇಟೆಬೀದೀಲಿ ನಿಂತು ಹೇಳ್ತೀನಿ. ನಾನು ಹೇಳಿದ್ರೆ ಹೇಗೆ ಹೇಳ್ತೀನಿ ಅಂತ ಯೋಚ್ನೆ ಮಾಡಿ."

ಮುದ್ದಮ್ಮ ಬೀದಿಯಲ್ಲಿ ದನಿ ಎತ್ತಿದ್ದನ್ನು ಕಳಸದಲ್ಲಿ ಯಾರೂ ಕೇಳಿದ್ದಿಲ್ಲ. ಏಕಾಂತಪ್ಪ ಅವಳ ಮುಖ ನೋಡಿದರು. ನಾಳೆ ಕೇಳಿಸಿದರೂ ಕೇಳಿಸಬಹುದು ಅಂತ ಅವರಿಗೆ ಅನ್ನಿಸಿರಬೇಕು.

ಮಾರನೇ ದಿನ ಬೆಳಗ್ಗೆ ಜಗಲಿಯ ಮೇಲೆ ಬಿಸಿಲು ಬಿದ್ದ ಕಡೆ ಚಾಪೆ. ಚಾಪೆಯ ಮೇಲೆ ಗರಿಗರಿ ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡ ಏಕಾಂತಪ್ಪ. ಮುಂದೆ ಬೋಗುಣಿ, ಬಟ್ಟಲಲ್ಲಿ ಉಪ್ಪು, ಕೊಯ್ದಿಟ್ಟ ನಿಂಬೆಹಣ್ಣು. ಮುದ್ದಮ್ಮ ಬಾಗಿಲೊಳಗೆ ಮೆಟ್ಟುಗತ್ತಿ ಹಾಕಿಕೊಂಡು ತರಕಾರಿ ಹೆಚ್ಚುತ್ತ ಕೂತಳು. ಕೈ ತರಕಾರಿಯಲ್ಲಿ, ಕಿವಿ ಜಗಲಿಯಲ್ಲಿ.

ಮೊದಲು ಬಂದವರು ಪಕ್ಕದ ಹಾರ್ಡ್‌ವೇರ್ ಅಂಗಡಿಯವರು. "ಎಂತ ಮಾರಾಯ್ರೆ, ಹೆಂಗಸರ ಕೆಲಸ ಶುರುಮಾಡಿದ್ರಿ?" ಅಂತ ನಕ್ಕರು. ಏಕಾಂತಪ್ಪ, "ಏನೋ ಹಳೇ ಕಲೆ..." ಅಂತ ಗೊಣಗಿದರು. ಒಳಗಿಂದ ಮೆಟ್ಟುಗತ್ತಿಯ ಸದ್ದು ನಿಂತಿತು. ಏಕಾಂತಪ್ಪ ಗಂಟಲು ಸರಿಮಾಡಿಕೊಂಡು "ತುಕ್ಕು. ಅಮ್ಮ ದೃಷ್ಟಿಗೆ ಮೊಳೆ ಹೊಲಿದಿದ್ರು. ಅದರದ್ದು" ಅಂದರು. ಕತ್ತಿಯ ಸದ್ದು ಮತ್ತೆ ಶುರುವಾಯಿತು.

ಆಮೇಲೆ ಸೌಜನ್ಯಳ ಅತ್ತೆಮನೆಯವರು ಬಂದರು, ಜಾವಳಿಯ ಬೀಗರು ಬಂದರು. ಜಾವಳಿ ಬೀಗಿತ್ತಿ ಕೇಳಿದ್ದಕ್ಕೆ ಉತ್ತರ ಕೊಡುವಾಗ ಏಕಾಂತಪ್ಪನವರ ಕುತ್ತಿಗೆಯವರೆಗೂ ಬೆವರು. ಆಕೆ ಕೇಳಿ ಮುಗಿಸಿ ಒಳಗೆ ಬಂದು, ಮುದ್ದಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತು ಅವಳ ಕೈ ಹಿಡಿದುಕೊಂಡಳು. ಹಿಡಿದುಕೊಳ್ಳಲಿ. ಕೋಸಂಬರಿ ಬಡಿಸಿದ ಕೈ ಅದು.

ಕೊನೆಗೆ ಸಂಸೆಯ ಜೀಪಿನಿಂದ ರುಕ್ಮಿಣಮ್ಮ ಇಳಿದಳು. ಕೋಲೂರಿಕೊಂಡು, ಉಸಿರು ಬಿಡುತ್ತ ಮೆಟ್ಟಿಲು ಹತ್ತಿ, ಅಂಗಿ ಕಂಡು ಕಣ್ಣರಳಿಸಿದಳು. "ಏನೋ ಏಕಾಂತಾ, ಆ ಮೈಲಿಗೆ ಅಂಗಿ ಹೊರಗೆ ತೆಗ್ದಿದೀರಾ? ಹೆಂಡ್ತಿ ಮಾಡಿದ ರಾಮಾಯಣ ನೀನು ತೊಳೀತಿದೀಯಲ್ಲೋ!"

ಮುದ್ದಮ್ಮ ಕತ್ತಿ ಬಿಟ್ಟು ಎದ್ದು ಬಾಗಿಲಿಗೆ ಬಂದು ನಿಂತಳು. ಗಂಡ ಅವಳನ್ನು ನೋಡಿದರು, ನಿಂಬೆಹಣ್ಣನ್ನು ನೋಡಿದರು.

"ಮೈಲಿಗೆ ಅಲ್ಲ ಅತ್ತೆ. ತುಕ್ಕು. ಅಮ್ಮ ಹೊಲಿದ ಮೊಳೇದು. ನೀವು ಅವತ್ತು ಕೇಳಿದಾಗ ಅಮ್ಮ ಸುಳ್ಳು ಹೇಳಿದ್ರು. ಮೊಳೆ ಕಿತ್ತು ಎಸೆದವನು ನಾನು. ನಂಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ನಿದ್ದೆ."

ರುಕ್ಮಿಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲ ಮೇಲೇ ಕೂತಳು. ಊರೂರಿಗೆ ಕಥೆ ಹಂಚಿದ ಬಾಯಿ ಅದು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ. ಅವತ್ತು ಆ ಮನೆಯಲ್ಲಿ ನೀರು ಕುಡಿಯಬೇಕಾದವರು ಬಹಳ ಜನ ಇದ್ದರು.

ಒಳಗೆ ಅಯ್ಯನವರು ಮಗುವಿಗೆ ವಿಭೂತಿ ಹಚ್ಚಿ, ಲಿಂಗ ಕಟ್ಟಿ, "ಮಗೂನ ತೊಟ್ಟಿಲಿಗೆ ಹಾಕಿ" ಅಂದರು. ಶಿವಗಂಗಮ್ಮ ಕುರ್ಚಿಯಿಂದ ನಡುಗುವ ಎರಡೂ ಕೈ ಚಾಚಿದಳು. "ತಾರೇ ಇಲ್ಲಿ. ಅಂಗಿ ಎಲ್ಲಿ?"

"ಅಂಗಿ ನಿಮ್ಮ ಮಗನ ಕೈಯಲ್ಲಿದೆ. ಇನ್ನೂ ತೊಳ್ದಾಗಿಲ್ಲ" ಅಂದಳು ಮುದ್ದಮ್ಮ. ಸೌಜನ್ಯ ಅಜ್ಜಿಯ ಕುರ್ಚಿ ದಾಟಿ ಬಂದು ಮಗುವನ್ನು ಅಮ್ಮನ ಕೈಗೆ ಕೊಟ್ಟಳು. ಶಿವಗಂಗಮ್ಮನ ಕೈ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿತ್ತು, ಆಮೇಲೆ ಮಡಿಲಿಗೆ ಬಿತ್ತು. ಯಾರೂ ಅವಳನ್ನು ಸಮಾಧಾನ ಮಾಡಲಿಲ್ಲ.

ಮುದ್ದಮ್ಮ ಗುಂಡುಕಲ್ಲನ್ನು ಮೊದಲು ಮಲಗಿಸಿ ತೆಗೆದಳು. ಸಾದಾ ಹತ್ತಿಯ ಜುಬ್ಬದಲ್ಲಿದ್ದ ಗಗನಾಳನ್ನು ಆಮೇಲೆ ಮಲಗಿಸಿದಳು. ಮಗುವಿನ ತಲೆ ಅಂಗೈಯಿಂದ ಜಾರಿ ಮೆತ್ತೆಗೆ ತಾಗುವಾಗ ಎದುರಿಗೆ ಸೌಜನ್ಯ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ತಲೆಯಲ್ಲಿ ಒಂದೆರಡು ಬಿಳಿಕೂದಲು ಬಂದ ಮಗಳು. ಇವಳನ್ನು ಮಲಗಿಸುವ ದಿನ ಒಂದು ಇತ್ತು. ಯಾವ ನಿಂಬೆಹಣ್ಣು ಹಿಂಡಿದರೂ ಅದು ವಾಪಸು ಬರುವುದಿಲ್ಲ. ಹೆಂಗಸರು ಜೋಗುಳ ಶುರುಮಾಡಿದರು. ಮುದ್ದಮ್ಮ ತೊಟ್ಟಿಲು ತೂಗಿದಳು. ಸಿಟ್ಟು ಇಳಿದಿರಲಿಲ್ಲ. ಸಿಟ್ಟಿನಲ್ಲೇ ಮೆಲ್ಲಗೆ ತೂಗಿದಳು.

ಊಟದ ಹೊತ್ತಿಗೆ ಏಕಾಂತಪ್ಪ ಅಂಗಿಯನ್ನು ಟವಲಿನ ಮೇಲೆ ಹರಡಿ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು. ನಿಂಬೆ ರಸದಲ್ಲಿ ನೆನೆದು ಬೆರಳ ತುದಿ ಬಿಳಿಚಿ ಸುಕ್ಕಾಗಿತ್ತು. ಪರೀಕ್ಷೆ ಪಾಸಾದ ಹುಡುಗನ ಮುಖ.

"ನೋಡು ಮುದ್ದಾ. ಹೋಯ್ತು. ಪೂರ್ತಿ ಹೋಯ್ತು."

ಮುದ್ದಮ್ಮ ಅಂಗಿ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ನಿಜ, ಕಲೆ ಹೋಗಿತ್ತು. ಕಲೆ ಇದ್ದಷ್ಟು ದಿನ ಹೊರಗಿಂದ ಕಾಣದೆ ಇದ್ದ ತೂತು ಈಗ ಬಿಳಿಯ ನಡುವೆ ಸ್ಪಷ್ಟವಾಗಿ ಕಾಣುತ್ತಿತ್ತು. ತುಕ್ಕು ತಿಂದು ಹಾಕಿದ ತೂತು. ಅವಳು ಅದರೊಳಗೆ ಕಿರುಬೆರಳು ತೂರಿಸಿ ಗಂಡನಿಗೆ ತೋರಿಸಿದಳು.

"ಅದಕ್ಕೆಂತ," ಅಂದರು ಏಕಾಂತಪ್ಪ. "ನಿಂಗೆ ಹೆಣಿಗೆ ಬರುತ್ತಲ್ಲ. ಒಂದು ಗಳಿಗೆ ಕೆಲಸ."

"ಬರುತ್ತೆ," ಅಂದಳು ಮುದ್ದಮ್ಮ. ಅಂಗಿಯನ್ನು ಅವರ ಕೈಗೇ ವಾಪಸು ಇಟ್ಟಳು. "ಆದ್ರೆ ಹೆಣಿಯಲ್ಲ."